ಅಜ್ಜಿ ಕೊಟ್ಟ ಶಿಫಾರಸು

ಗೆಳೆಯರೇ, ರಾಜ್ಯಶಾಸ್ತ್ರ ಓದುವವರು ಒಂದು ತಿಂಗಳು ಕಚೇರಿಯಲ್ಲಿ ದುಡಿದರೆ ಏನು ಲಾಭವೆಂದು ಇವತ್ತು ಕಣ್ಣಾರೆ ಕಂಡೆ.

ಅತ್ತೆಯ ಮಗಳು ವಿದ್ಯಾ ಪುಣೆಯ ನಮ್ಮ ವಾರ್ಡಿನ ನಗರಸೇವಕರ, ಅಂದರೆ ಕಾರ್ಪೊರೇಟರರ, ಕಚೇರಿಯಲ್ಲಿ ತರಬೇತಿಗಿದ್ದಳು. ವಾಸದ ದಾಖಲೆ ಕೇಳಿ ಬಂದವರಿಗೆಲ್ಲ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ’ ಎನ್ನುವುದೇ ಕೆಲಸ. ಇವತ್ತು ಐದು ಗಂಟೆಯೊಳಗೆ ಸಾಹೇಬರ ಸಹಿಯಿರುವ ತರಬೇತಿ ಪ್ರಮಾಣಪತ್ರ ಕಾಲೇಜಿಗೆ ಮುಟ್ಟದಿದ್ದರೆ ಅವಳು ಫೇಲು. “ನೀನೂ ಬಾರೇ, ನನಗ ಅಂಜಿಕಿ ಆಗ್ತದ” ಎಂದು, ಹೊರಗೆ ಬಾಯೇ ತೆರೆಯದ ನನ್ನನ್ನು ಕರೆದೊಯ್ದಳು.

ಸೊಲ್ಲಾಪುರ ಕಡೆಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಯಾರವ್ವಾ ನೀ? ನಿನ್ನ ನಾ ಎಂದೂ ನೋಡೇ ಇಲ್ಲಲ್ಲ!”

“ಸರ್, ಒಂದು ತಿಂಗಳಿಂದ ಬಾಗಲದಾಗ ನಾನೇ ಕೂತಿದ್ದೆ.”

“ನಾ ಹಿಂದಿನ ಬಾಗಲದಿಂದ ಹೋಗಾಂವ. ನಿನ್ನ ಗುರುತಿದ್ದವರು ಯಾರರೆ ಇದ್ರ ಕರಕೊಂಡು ಬಾ.”

ವಿದ್ಯಾಳ ಕಣ್ಣು ತುಂಬಿತು. ಅಷ್ಟರಲ್ಲಿ ಕಾಯುವವರ ಬೆಂಚಿನಿಂದ ಅಜ್ಜಿಯೊಬ್ಬರು ಎದ್ದು ಬಂದರು.

“ನನಗ ಗೊತ್ತದ ರೀ ಈ ಹುಡುಗಿ. ನಾಲ್ಕು ಸಲ ನನ್ನ ವಾಪಸ್ ಕಳಿಸ್ಯಾಳ. ಒಂದು ದಿನಾನೂ ನಿಮ್ಮ ಮೀಟಿಂಗ್ ಮುಗಿಯಗೊಟ್ಟಿಲ್ಲ. ಭಾಳ ಚೊಲೋ ಕೆಲಸ ಮಾಡ್ತಾಳ. ಸಹಿ ಹಾಕ್ರಿ, ಹಂಗ ನನ್ನ ಕಾಗದಕ್ಕೂ ಒಂದು.”

ಎರಡಕ್ಕೂ ಸಹಿ ಬಿತ್ತು. ವಿದ್ಯಾಳಿಗೆ ‘ಅತ್ಯುತ್ತಮ’ ಎಂಬ ಷರಾ ಬೇರೆ. ನಾಲ್ಕು ದಿನ ಬೆಂಚಿನ ಮೇಲೆ ಕೂತು ರಾಜಕೀಯ ಕಲಿತ ಅಜ್ಜಿಗೆ ಮಾತ್ರ ಅಂಕ ಕೊಡುವವರು ಯಾರೂ ಇಲ್ಲ.