ತಲೆಕೆಳಗಿನ ಜೇಬು

ನಮ್ಮಣ್ಣ ದಾರಿಯಲ್ಲಿ ಯಾವ ಹಳೆಯ ಸಣ್ಣ ಪಿಕಪ್ ಗಾಡಿ ಕಂಡರೂ ಅದರ ಜಾತಕ ಹೇಳಿಬಿಡುತ್ತಾನೆ. ಹಿಂದಿನ ಪೆಟ್ಟಿಗೆ ಬಳ್ಳಾರಿಯಲ್ಲಿ ಕಟ್ಟಿದ್ದು, ಬಾಗಿಲು ಇನ್ನೆಲ್ಲೋ ಕೂರಿಸಿದ್ದು, ವೆಲ್ಡಿಂಗ್ ಮಾಡಿದವನಿಗೆ ಕೆಲಸವೇ ಬರೋದಿಲ್ಲ ಎಂದು ಬಸ್ಸಿನ ಕಿಟಕಿಯಿಂದಲೇ ತೀರ್ಪು. ಮೂವತ್ತು ವರ್ಷ ರಾಯದುರ್ಗದಲ್ಲಿ ಗಾಡಿಗಳ ಬಾಡಿ ಕಟ್ಟುವ ಶೆಡ್ ನಡೆಸಿದವನು. ನಾನು ಅದೇ ಬೀದಿಯಲ್ಲಿ ಜೀನ್ಸ್ ಹೊಲಿಯುವವಳು. ಅವನು ಕಬ್ಬಿಣ ಕತ್ತರಿಸಿದರೆ ನಾನು ಬಟ್ಟೆ ಕತ್ತರಿಸುತ್ತೇನೆ. ಬಾಯಿ ಮಾತ್ರ ಇಬ್ಬರದೂ ಒಂದೇ ಅಳತೆ.

ಅವನ ಹೆಮ್ಮೆಯೆಲ್ಲ ಒಂದೇ ಗಾಡಿಯ ಮೇಲೆ. ಗುಮ್ಮಘಟ್ಟದ ಕಡೆಯಿಂದ ಹೊಲಿಗೆಯ ಹೆಂಗಸರನ್ನು ಕರೆತರಲು ಸಾಹುಕಾರರೊಬ್ಬರು ಒಂದು ಸಣ್ಣ ಪಿಕಪ್ ತಂದು ನಿಲ್ಲಿಸಿದ್ದರು. ಅಣ್ಣ ಕ್ಯಾಬಿನ್ನಿನ ಬೆನ್ನು ಕೊಯ್ದು, ಹಿಂದಕ್ಕೆ ಬೆಳೆಸಿ, ಡ್ರೈವರ್ ಹಿಂದೆ ಇನ್ನೊಂದು ಸೀಟು ಕೂರಿಸಿ, ಅದಕ್ಕೆ ಎಡಗಡೆ ಮಾತ್ರ ಒಂದು ಬಾಗಿಲು ಇಟ್ಟ. ಅಂಥದ್ದನ್ನು ಮತ್ತೆ ಅವನೂ ಮಾಡಲಿಲ್ಲ. ಗಾಡಿ ಕೈಯಿಂದ ಕೈಗೆ ಹೋಗಿ ಎಲ್ಲೋ ಮಾಯವಾಯಿತು. ಫೋಟೊ ಕೂಡ ಇಲ್ಲ. ಚಹಾದಂಗಡಿಯ ಗೆಳೆಯರು, "ಬುರುಡಿ ಬಿಡಬ್ಯಾಡ್ರಿ! ಅಷ್ಟು ಸಣ್ಣ ಗಾಡ್ಯಾಗ ಎರಡು ಸಾಲು ಸೀಟು ಹೆಂಗ ಹಿಡಿತಾವ?" ಎಂದು ಕಾಡಿಸಿ ಕಾಡಿಸಿ, ಅಣ್ಣ ಅಲ್ಲಿಗೆ ಹೋಗುವುದನ್ನೇ ಬಿಟ್ಟುಬಿಟ್ಟ. ಮನೆಯಲ್ಲಿ ಕುಳಿತು ನನ್ನ ತಲೆ ತಿನ್ನತೊಡಗಿದ. ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ಆ ಗಾಡಿಯ ಸೀಟಿಗೆ ರೆಕ್ಸಿನ್ ಕವರ್ ಹೊಲಿದವಳು ನಾನು. ಮುಂದಿನ ಸೀಟಿನ ಬೆನ್ನಿಗೆ, ಹಿಂದೆ ಕೂತವರು ಏನಾದರೂ ಇಟ್ಟುಕೊಳ್ಳಲಿ ಎಂದು, ಜೀನ್ಸ್ ಪ್ಯಾಂಟಿನ ಜೇಬೊಂದನ್ನು ಹಚ್ಚಿದ್ದೆ. ಅದನ್ನು ತಲೆಕೆಳಗೆ ಹೊಲಿದೆ ಎಂದು ಅಣ್ಣನ ತಕರಾರು. ನನ್ನ ಕೈಯಲ್ಲಿ ಅಂಥದ್ದು ಆಗುವುದೇ ಇಲ್ಲ ಎಂದು ನಾನು ಇಷ್ಟು ವರ್ಷ ಆಣೆ ಇಟ್ಟುಕೊಂಡೇ ಬಂದೆ. ನಿಜ ನನಗೆ ಗೊತ್ತಿತ್ತು. ಒಂದೇ ಉದ್ದನೆಯ ರೆಕ್ಸಿನ್ ತುಂಡು ಸೀಟಿನ ಮುಂಭಾಗದಿಂದ ಮೇಲೇರಿ ಬೆನ್ನಿಗೆ ಇಳಿಯುತ್ತದೆ. ಮೇಜಿನ ಮೇಲೆ ಹಾಸಿದಾಗ ನೆಟ್ಟಗಿದ್ದ ಜೇಬು, ಕವರ್ ತೊಡಿಸಿದ ಕೂಡಲೇ ಶೀರ್ಷಾಸನ ಹಾಕಿತ್ತು. ಪ್ಯಾಂಟು ಹೊಲಿದು ಹೊಲಿದು ಮರಗಟ್ಟಿದ ತಲೆಗೆ ಅದು ಹೊಳೆದೇ ಇರಲಿಲ್ಲ. ಬಿಚ್ಚಿ ಹೊಲಿಯೋಣ ಎನ್ನುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು.

ಮೊನ್ನೆ ಮಡಕಶಿರಾ ಕಡೆಯ ಹಳ್ಳಿಯಲ್ಲಿ ನಮ್ಮ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಇಬ್ಬರೂ ಹೋಗಿದ್ದೆವು. ಊಟದ ಎಲೆಯ ಮುಂದೆ ಕುಳಿತಿದ್ದ ಅಣ್ಣ ಹಠಾತ್ತನೆ ಎದ್ದ. ಪಾಯಸ ಬಡಿಸುವವಳು ಸೌಟು ಹಿಡಿದು ನಿಂತೇ ಇದ್ದಳು. ಬೀದಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಒಂದು ಹಳೆಯ ಪಿಕಪ್ ನಿಂತಿತ್ತು. ಎರಡು ಸಾಲು ಸೀಟು, ಎಡಕ್ಕೆ ಮಾತ್ರ ಹೆಚ್ಚಿನ ಬಾಗಿಲು.

"ಇದು ನನ್ನ ಗಾಡಿ!" ಎಂದ ಅಣ್ಣ. ಎಂಜಲು ಕೈ ಹಾಗೇ ಇತ್ತು.

ಗಾಡಿಯವನು, ರೇಷ್ಮೆ ಬೆಳೆಯುವ ರೈತ, ಗಾಬರಿಯಾದ. "ಏನಣ್ಣ ಇಂಗಂತೀರ? ದುಡ್ಡು ಕೊಟ್ಟು ತಗಂಡಿದೀನಿ."

"ಕಟ್ಟಿದವ್ನು ನಾನು ಅಂತೀನ್ರಿ."

"ಕಂಪ್ನಿಯಿಂದ್ಲೇ ಇಂಗೇ ಬಂದಿರೋದು ಕಣಣ್ಣ. ನಂಗೆ ಮಾರಿದೋರೇ ಹೇಳವ್ರೆ."

ಅಣ್ಣ ಕೈ ತೊಳೆದು ಗುರುತು ತೋರಿಸಲು ನಿಂತ. ಹಿಂದಿನ ಬಾಗಿಲಿಗೆ ತಾನು ಬೀರುವಿನ ಹಿಡಿಕೆ ಹಾಕಿದ್ದೆ ಎಂದ. ಯಾರೋ ಅದನ್ನು ಕಿತ್ತು ಹೊಸದು ಹಾಕಿದ್ದರು. ಕ್ಯಾಬಿನ್ನಿನ ಬೆಸುಗೆ ಹುಡುಕಿದ. ಅದರ ಮೇಲೆ ದಪ್ಪನೆಯ ಬಣ್ಣ. ಗಾಡಿಯಡಿ ತೂರಿ ನೋಡಿದರೆ ತಗಡೂ ಹೊಸದು. ನಾಮಕರಣಕ್ಕೆ ಬಂದವರೆಲ್ಲ ಸುತ್ತ ನೆರೆದು ನಗತೊಡಗಿದರು. ಅಣ್ಣ ಅಂಗಿಯ ಮಣ್ಣು ಕೊಡವಿಕೊಂಡು ಎದ್ದ.

"ಹೋಗ್ಲಿ ಬಿಡವ್ವ," ಎಂದ ನನಗೆ. "ನಾನೇ ಏನೋ ತಪ್ಪು ತಿಳ್ಕೊಂಡಿರಬೇಕು."

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆ ಮಾತು ಕೇಳಿದವಳಲ್ಲ ನಾನು. ಗಾಡಿಯೊಳಗೆ ಇಣುಕಿದೆ. ಮುಂದಿನ ಸೀಟಿಗೆ ಹೂವಿನ ಚಿತ್ರದ ಹೊಸ ಕವರ್ ಇತ್ತು. ಅದರ ಅಂಚಿನಡಿ ಹಳೆಯ ರೆಕ್ಸಿನ್ನು, ಅದರಲ್ಲಿ ಜೀನ್ಸಿಗೆ ಹಾಕುವ ಕಿತ್ತಳೆ ದಾರದ ಜೋಡಿ ಹೊಲಿಗೆ. ನಾನು ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

"ಮ್ಯಾಲಿನ ಕವರ್ ತೆಗೀರಿ," ಎಂದೆ ರೈತನಿಗೆ. "ಒಳಗ ಸೀಟಿನ ಬೆನ್ನಿಗೆ ಒಂದು ಜೀನ್ಸ್ ಜೇಬು ಐತಿ. ತಲೆಕೆಳಗ ಐತಿ."

ಅಣ್ಣ ನನ್ನನ್ನೇ ನೋಡಿದ. ರೈತ ಕವರ್ ಎಳೆದ. ಬಾಯಿ ನೆಲಕ್ಕೆ ಮಾಡಿಕೊಂಡು ಜೇಬು ಅಲ್ಲೇ ಇತ್ತು!

"ಅಯ್ಯೋ ಶಿವನೇ! ಯಾವ ಪುಣ್ಯಾತ್ಮ ಒಲಿದಿದ್ದು ಇದನ್ನ?"

"ನಾನೇ ರೀ."

ರೈತ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಂಪ್ನಿಯೋರು ಇಂಗೆ ಒಲಿಯಾಕಿಲ್ಲ ಬುಡಿ. ಗಾಡಿ ನೀವೇ ಕಟ್ಟಿರೋದು ಕಣಣ್ಣ, ಒಪ್ಕಂಡೆ."

ನಾಚಿಕೆಯಾಗಿ ನಾನು ಚೀಲದಿಂದ ಬ್ಲೇಡು ತೆಗೆದೆ, ಈಗಲಾದರೂ ಬಿಚ್ಚಿ ನೆಟ್ಟಗೆ ಹೊಲಿದುಬಿಡೋಣ ಎಂದು. "ಏ, ಮುಟ್ಟಬ್ಯಾಡ!" ಎಂದು ಅಣ್ಣ ಕೂಗಿದ ಕೂಗಿಗೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳತೊಡಗಿತು. ಅವನು ಫೋನಿನಲ್ಲಿ ಎಷ್ಟು ಫೋಟೊ ತೆಗೆದನೋ ಲೆಕ್ಕವಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ಅಣ್ಣ ಚಹಾದಂಗಡಿಗೆ ನಡೆದ. ನಾನು ಹೊಲಿಗೆ ಮಷಿನ್ ನಿಲ್ಲಿಸಿ ಕಿವಿಗೊಟ್ಟೆ. ಬೀದಿಗೆಲ್ಲ ಕೇಳುವಂತೆ ಅವನ ದನಿ ಬಂತು:

"ನೋಡ್ರಪಾ, ಇದು ನಮ್ಮ ತಂಗಿ ಹೊಲಿದ ಜೇಬು. ತಲೆಕೆಳಗ ಐತಿ. ಅದಕ್ಕ ಗಾಡಿ ನಂದು!"