ಶಿಡ್ಲಘಟ್ಟದಲ್ಲಿ ‘ರೆಸ್ಟ್’ ಎಂದರೆ

ಅರವತ್ತರ ದಶಕದ ಆರಂಭದಲ್ಲಿ ನಾನು ಶಿಡ್ಲಘಟ್ಟದಲ್ಲಿ ಉಪಾಧ್ಯಾಯಿನಿಯಾಗಿದ್ದೆ. ನನ್ನ ಬಾಡಿಗೆಕೋಣೆಯ ಹಿತ್ತಿಲಿಗೆ ಅಂಟಿಕೊಂಡಂತೆ ರೇಷ್ಮೆನೂಲು ಬಿಚ್ಚುವ ಶೆಡ್ಡೊಂದಿತ್ತು. ಅದಕ್ಕೆ ಕಿಟಕಿಗಳಿರಲಿಲ್ಲ. ಸೌದೆಯ ಹೊಗೆಯೂ ಬೆಂದ ಹುಳುವಿನ ವಾಸನೆಯೂ ಒಳಗೇ ಸುತ್ತುತ್ತಿದ್ದವು. ಇಲ್ಲಿ ಮನುಷ್ಯರು ಹೇಗೆ ಉಸಿರಾಡುತ್ತಾರೆಂದು ಕೇಳಲು ಒಬ್ಬ ಅಧಿಕಾರಿಯೂ ಬರಲಿಲ್ಲ. ಅದು ಅನ್ಯಾಯ. ಅಂದೂ ಹಾಗೆಂದೆ, ಇಂದೂ ಹಾಗೆನ್ನುತ್ತೇನೆ.

ಆ ಶೆಡ್ಡಿನಲ್ಲಿ ಕುದಿನೀರಿನ ಬಾಣಲೆಯ ಮುಂದೆ ಕೂರುತ್ತಿದ್ದ ನೆರೆಮನೆಯ ವಿಧವೆಯನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅವರ ಮನೆಮಾತು ಉರ್ದು, ನನ್ನೊಡನೆ ಕನ್ನಡ. ಅವರಿಗೆ ದಮ್ಮು ಹಿಡಿದಿತ್ತು. ಮಾತಿನ ನಡುವೆ ಗೋಡೆ ಹಿಡಿದು ನಿಲ್ಲುವಂತಾದಾಗ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಎದೆಗೆ ಕೊಳವೆ ಇಟ್ಟು ನೋಡಿದರು. ಏನು ಕೆಲಸ ಮಾಡುತ್ತೀರೆಂದು ವಿಚಾರಿಸಲಿಲ್ಲ. “ಕಂಪ್ಲೀಟ್ ರೆಸ್ಟ್” ಎಂದಷ್ಟೇ ಹೇಳಿ ಮುಂದಿನವರನ್ನು ಕೂಗಿದರು. ರೋಗಿಗೆ ತಿಳಿಯದ ಭಾಷೆಯಲ್ಲಿ ಚಿಕಿತ್ಸೆ ಹೇಳುವುದೂ ಅನ್ಯಾಯವೇ.

ಹಿಂತಿರುಗುವಾಗ ವೈದ್ಯರು ಹೇಳಿದ್ದೇನೆಂದು ಆಪಾ ಕೇಳಿದರು. ನನಗೆ ಗೊತ್ತಿದ್ದ ಉರ್ದುವಿನಲ್ಲಿ, ರೆಸ್ಟ್ ಎಂದರೆ ‘ಆರಾಮ್’ ಎಂದೆ. ಆಪಾ ಕೆಮ್ಮಿನ ನಡುವೆಯೇ ನಕ್ಕರು.

“ಆರಾಮ್ ಅಂದ್ರೆ ಮದುವೆಮನೇಲಿ ಗಂಡಿನ ಕಡೆಯೋರು ಕೂತ್ಕೊಂತಾರಲ್ಲ, ಅದು ಕಣಮ್ಮ. ನನಗೆ ಯಾಕೆ ಅದನ್ನ ಬರ್ಕೊಡ್ತಾರೆ? ರೆಸ್ಟ್ ನಮ್ಮ ಶೆಡ್ಡಲ್ಲೇ ಕೊಡ್ತಾರೆ. ಕೇಳ್ತೀನಿ.”

ಹೀಗೆ ಆ ಮಾತು ಶೆಡ್ಡಿನ ಉರ್ದುವಿನಲ್ಲಿ ಆಗಲೇ ಬಳಕೆಯಲ್ಲಿತ್ತೆಂದು ತಿಳಿಯಿತು. ಬಾಣಲೆಯ ಮುಂದೆ ಕೂರಲಾಗದವರನ್ನು ಮೂಲೆಗೆ ಕೂರಿಸಿ, ಮೊರದಲ್ಲಿ ರೇಷ್ಮೆಗೂಡು ಆರಿಸಲು ಹಚ್ಚುತ್ತಿದ್ದರು. ಕೂಲಿ ಕಡಿಮೆ, ಗೂಡಿನ ಧೂಳು ಮೂಗಿಗೇ. ಅದರ ಹೆಸರು ರೆಸ್ಟ್. ಮಾರನೆಯ ದಿನವೇ ಆಪಾ ರೆಸ್ಟಿಗೆ ಕುಳಿತರು. ದಮ್ಮು ಏರಿತು.

ನಾನು ಶೆಡ್ಡಿಗೇ ಹೋಗಿ ಅದರ ಮಾಲೀಕರಾದ ಸಾಹುಕಾರರನ್ನು ಕಂಡೆ. ಅವರು ಕುರ್ಚಿ ಹಾಕಿಸಿ ಚಹಾ ತರಿಸಿದರು, ಕೆಟ್ಟ ಮನುಷ್ಯರಲ್ಲ. ಹಾಗಿದ್ದೂ ನಡೆಯುವ ಕೇಡಿನ ವಿರುದ್ಧ ಹೋರಾಡುವುದು ಹೇಗೆಂದು ನನ್ನ ಶಿಕ್ಷಣ ಕಲಿಸಿರಲಿಲ್ಲ. ಬಿಸಿನೀರಿನ ಹತ್ತಿರವೂ ಆಕೆಯನ್ನು ಬಿಟ್ಟಿಲ್ಲವೆಂದು ಅವರು ಹೆಮ್ಮೆಯಿಂದ ಹೇಳಿದರು. ರೆಸ್ಟ್ ಎಂದರೆ ಕೆಲಸವನ್ನೇ ಮಾಡದಿರುವುದು, ಕೂಲಿ ನಿಲ್ಲಿಸದೆ ಮನೆಯಲ್ಲಿ ಮಲಗಲು ಬಿಡುವುದು ಎಂದು ವಿವರಿಸಿದೆ.

“ಕೆಲಸ ಇಲ್ದೇ ಇರೋದಕ್ಕೆ ನಮ್ಮಲ್ಲಿ ಛುಟ್ಟಿ ಅಂತಾರೆ ಟೀಚರಮ್ಮ. ಛುಟ್ಟಿ ಕೊಟ್ರೆ ನಾಳೆ ಆ ಜಾಗಕ್ಕೆ ಇನ್ನೊಬ್ಳು ಬರ್ತಾಳೆ. ಕೊಡ್ಲಾ? ನೀವೇ ಹೇಳಿ.”

ಮೂಲೆಯಿಂದ ಆಪಾ ನನ್ನತ್ತ ನೋಡಿ ತಲೆಯಾಡಿಸಿದರು, ಬೇಡವೆಂದು. ನಾನು ಚಹಾ ಮುಗಿಸಿ ಎದ್ದು ಬಂದೆ.

ಆ ಚಳಿಗಾಲ ಅವರು ತೀರಿಕೊಂಡರು. ಸರ್ಕಾರಕ್ಕೆ ಅರ್ಜಿಗಳನ್ನು ಬರೆದೆ, ಉತ್ತರ ಬರಲಿಲ್ಲ. ಮಣ್ಣಿಗೆ ಒಯ್ದ ದಿನ ಶೆಡ್ಡಿನ ಹೆಂಗಸರು ನನ್ನ ಕೈಹಿಡಿದು, ಕೊನೆಗಾಲದಲ್ಲಿ ಆಕೆಗೆ ಕಷ್ಟವೇನೂ ಇರಲಿಲ್ಲ, ಪೂರ್ತಿ ರೆಸ್ಟಿನಲ್ಲೇ ಇದ್ದಳೆಂದು ಸಮಾಧಾನ ಹೇಳಿದರು. ಅವರು ಅದನ್ನು ನಂಬಿದ್ದರು.

ಮರುವಾರ ಹಿತ್ತಿಲಿನಿಂದ ಶೆಡ್ಡಿನ ತೆರೆದ ಬಾಗಿಲಲ್ಲಿ ಕಂಡಂತೆ, ಆಪಾ ಅವರ ಮೊರ ಮತ್ತೊಬ್ಬಳ ಮಡಿಲಲ್ಲಿತ್ತು. ಅವಳೂ ಕೆಮ್ಮುತ್ತಿದ್ದಳು. ನನ್ನನ್ನು ನೋಡಿದ ಸಾಹುಕಾರರು ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು:

“ಇವಳಿಗೆ ನೀವು ಹೇಳೋಕೆ ಮುಂಚೇನೇ ರೆಸ್ಟ್ ಕೊಟ್ಟಿದೀನಮ್ಮ.”