ಬರಲಾರದ ಸೊನ್ನೆ

ಹಸಿರು ಬಣ್ಣ ಕಂಡರೆ ಈಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಪರ್ಕಳದ ಬಾಡಿಗೆ ಕೋಣೆಯಲ್ಲಿ ಚಾರ್ಜರಿನ ಹಸಿರು ದೀಪಕ್ಕೂ ಬಟ್ಟೆ ಮುಚ್ಚಿದ್ದೇನೆ. ನಗಬೇಡಿ. ಅಮೋನಿಯಾದ ವಾಸನೆ ಇನ್ನೂ ಮೂಗಿನಿಂದ ಪೂರ್ತಿ ಹೋಗಿಲ್ಲ.

ಮಣಿಪಾಲದ ಸಣ್ಣ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ಗೋಜಲನ್ನು ಅಳೆಯುವ ಉಪಕರಣ ಕಟ್ಟುವುದು ನನ್ನ ಕೆಲಸ. ಅದು ಪ್ರೋಗ್ರಾಮನ್ನು ಓಡಿಸುವುದಿಲ್ಲ, ಓದುತ್ತದೆ, ಅಷ್ಟೇ. ಒಲೆ ಹಚ್ಚುವ ಮೊದಲೇ, ಅಡುಗೆಯ ವಿಧಾನ ಓದಿ, ಸಾರು ಕೆಟ್ಟೀತು ಎನ್ನುವವರಂತೆ. ಅದು ಹುಡುಕುವುದು ಕವಲುಗಳನ್ನು. ಉಡುಪಿಯಿಂದ ಕಾಪುವಿಗೆ ಹೆದ್ದಾರಿಯಲ್ಲಿ ನೇರ ಹೋದರೆ ತಲೆಬಿಸಿಯಿಲ್ಲ. ಕಟಪಾಡಿಯಲ್ಲಿ ಬ್ಲಾಕ್ ಇದ್ದರೆ ಒಳದಾರಿ, ಅಲ್ಲಿ ಮದುವೆಯ ದಿಬ್ಬಣ ಇದ್ದರೆ ಇನ್ನೊಂದು ತಿರುವು ಎಂದೆಲ್ಲ ಶುರುವಾದರೆ ಗೋಜಲು. ಪ್ರತಿ ಕವಲಿಗೂ ಒಂದು ಅಂಕ. ಅಂಕ ಮಿತಿ ಮೀರಿದರೆ ಕೆಂಪು, ಇಲ್ಲವಾದರೆ ಹಸಿರು. ಮನುಷ್ಯರನ್ನೂ ಹೀಗೆ ಅಳೆಯಬಹುದಲ್ಲ ಎಂದು ಆಗಾಗ ಯೋಚಿಸಿ, ನನಗೆ ಬರಬಹುದಾದ ಬಣ್ಣ ನೆನೆದು ಸುಮ್ಮನಾಗಿದ್ದೇನೆ.

ಕಾಪುವಿನಲ್ಲಿ ಮೀನಿನ ದೋಣಿಗಳಿಗೆ ಐಸ್ ಕೊಡುವ ವಸಂತಿಯಕ್ಕನ ಪ್ಲಾಂಟ್ ಇದೆ. ಐಸ್ ಕಟ್ಟಲು ಅಮೋನಿಯಾ ಅನಿಲವನ್ನು ಒತ್ತಿ ಪೈಪಿಗೆ ತಳ್ಳುವ ಅಲ್ಲಿನ ಕಂಪ್ರೆಸರನ್ನು ನಡೆಸುವ ಪ್ರೋಗ್ರಾಮು ನಮ್ಮದು. ಅದನ್ನು ನೋಡಿಕೊಳ್ಳುವವನು ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಗೆಳೆಯ ಸುದರ್ಶನ. ನನ್ನ ಉಪಕರಣ ಅದಕ್ಕೆ ಕೆಂಪು ಕೊಟ್ಟಿತು. ಸುದರ್ಶನ ಒಂದು ಷರತ್ತಿನ ಮೇಲೆ ಬೆರಳಿಟ್ಟ: ಒತ್ತಡ ಸೊನ್ನೆ ಎಂದು ಬಂದರೆ ಯಂತ್ರ ನಿಲ್ಲಿಸು.

"ಅಮೋನಿಯಾ ತುಂಬಿದ ಪೈಪಲ್ಲಿ ಒತ್ತಡ ಸೊನ್ನೆ ಹೇಗೆ ಬರ್ತದೆ ಮಾರಾಯ? ಯಾರೋ ಹೆದರುಪುಕ್ಕಲ ಬರೆದದ್ದು."

"ತೆಗಿ ಹಾಗಾದ್ರೆ" ಎಂದೆ. ತೆಗೆದ. ಹಸಿರಾಯಿತು. ಆ ಖುಷಿಗೆ ಗೋಳಿಬಜೆ ತಿಂದೆವು.

ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯುವುದಿಲ್ಲ, ಪ್ಲಾಂಟೂ ಮುಚ್ಚಿರುತ್ತದೆ. ಮತ್ತೆ ಶುರು ಮಾಡುವ ದಿನ ಯಂತ್ರಕ್ಕೆ ಪೂಜೆ. ಉಳಿದ ದಿನ ಒಬ್ಬರೋ ಇಬ್ಬರೋ ಇರುವ ಮೆಶಿನ್ ಕೋಣೆಯಲ್ಲಿ ಅಂದು ಮನೆಯವರು, ದೋಣಿಯವರು, ಮಕ್ಕಳುಮರಿ, ಜೊತೆಗೆ ನಾವಿಬ್ಬರು. ಅಷ್ಟು ಕಾಲ ಉಪ್ಪುಗಾಳಿ ಕುಡಿದ ಒತ್ತಡದ ಸೆನ್ಸರ್ ಸತ್ತಿತ್ತು. ಸತ್ತ ಸೆನ್ಸರಿಗೆ ಗೊತ್ತಿರುವುದು ಒಂದೇ ಮಾತು, ಸೊನ್ನೆ. ಪೂಜೆಯ ಗಡಿಬಿಡಿಯಲ್ಲಿ ಯಂತ್ರವನ್ನು ತಂಪಾಗಿಡುವ ನೀರಿನ ವಾಲ್ವ್ ತೆರೆಯಲು ಎಲ್ಲರೂ ಮರೆತಿದ್ದರು. ಕಾಯಿ ಒಡೆದು ಸ್ವಿಚ್ ಒತ್ತಿದರು. ನೀರಿಲ್ಲದೆ ಅಮೋನಿಯಾ ಬಿಸಿಯೇರಿ ಒತ್ತಡ ಹೆಚ್ಚುತ್ತಿದ್ದರೂ, ಒತ್ತಡವೇ ಇಲ್ಲವೆಂದು ನಂಬಿದ ಪ್ರೋಗ್ರಾಮು ಯಂತ್ರವನ್ನು ಓಡಿಸುತ್ತಲೇ ಹೋಯಿತು. ಸೆನ್ಸರಿನ ಹಂಗಿಲ್ಲದೆ ನೇರ ಪೈಪಿಗೇ ಜೋಡಿಸಿದ್ದ ಗೋಡೆಯ ಮೀಟರಿನ ಮುಳ್ಳು ಕೆಂಪು ಗೆರೆ ದಾಟುವುದನ್ನು ಕಂಡೆ. ವಸಂತಿಯಕ್ಕ ಆರತಿ ತಟ್ಟೆ ಹಿಡಿದು ಪೈಪಿನ ಪಕ್ಕದಲ್ಲೇ ನಿಂತಿದ್ದರು. ದಿನಕ್ಕೆ ಎಷ್ಟು ಸಲವೋ, ಅವರು ಹಾಗೆಯೇ ನಿಂತಿರುವುದು ನನಗೆ ಕಾಣುತ್ತದೆ.

ಮಾಡಿನ ಮೇಲೆ ಭುಸ್ ಎಂದಿತು. ಸುರಕ್ಷತೆಯ ವಾಲ್ವ್ ತೆರೆದುಕೊಂಡು ಅಮೋನಿಯಾವನ್ನು ಆಕಾಶಕ್ಕೆ ಉಗುಳಿತು. ಸುದರ್ಶನ ಮೈನ್ ಸ್ವಿಚ್ಚಿಗೆ ಹಾರಿದ. ಉಳಿದವರು ಮಕ್ಕಳನ್ನು ಎತ್ತಿಕೊಂಡು, ಕಣ್ಣುಜ್ಜುತ್ತ ಹೊರಗೆ ಓಡಿದೆವು. ಯಾರಿಗೂ ಏನೂ ಆಗಲಿಲ್ಲ. ನಮ್ಮನ್ನು ಉಳಿಸಿದ್ದು ಆ ವಾಲ್ವಿನೊಳಗಿನ ಸ್ಪ್ರಿಂಗು. ಅದು ಬಹುಶಃ ಒಮ್ಮೆಯೂ ಕೆಲಸ ಮಾಡದೆ ವರ್ಷಗಟ್ಟಲೆ ಸುಮ್ಮನೆ ಕೂತಿತ್ತು. ನನ್ನ ಕೈಗೆ ಸಿಕ್ಕಿದ್ದರೆ ಅದನ್ನೂ ಅನಾವಶ್ಯಕ ಎನ್ನುತ್ತಿದ್ದೆನೋ ಏನೋ.

"ಎಂತ ಆದದ್ದು ಮಾರಾಯ್ರೇ?" ವಸಂತಿಯಕ್ಕ ಕೆಮ್ಮುತ್ತ ಕೇಳಿದರು. ತಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಬರ್ಲಿಕ್ಕಿಲ್ಲದ ಸೊನ್ನೆ ಬಂತು ಅಕ್ಕ" ಎಂದ ಸುದರ್ಶನ. "ಬಂದ್ರೆ ನಿಲ್ಲಿಸ್ಬೇಕು ಅಂತ ಬರೆದದ್ದಿತ್ತು. ನಾವು ತೆಗೆದೆವು."

"ಯಾಕೆ?"

ಅವನು ನನ್ನನ್ನು ನೋಡಿದ. "ಚಂದ ಕಾಣ್ಲಿಕ್ಕೆ" ಎಂದೆ.

"ಹಾಗಾದ್ರೆ ನಮ್ಮ ಬಾವಿಕಟ್ಟೆಯನ್ನೂ ತೆಗೆದು ಹೋಗಿ" ಎಂದರು ಅವರು. "ಅಂಗಳ ಚಂದ ಕಾಣ್ತದೆ."

ಸೆನ್ಸರ್ ಬದಲಾಯಿಸಿ ಮತ್ತೆ ಶುರು ಮಾಡಿದ ದಿನ ಕಾಯಿ ಒಡೆದದ್ದು ಅಂಗಳದಲ್ಲಿ, ಆರತಿ ಎತ್ತಿದ್ದು ಹೊಸ್ತಿಲಿನ ಹೊರಗಿನಿಂದ. ನೀರಿನ ವಾಲ್ವ್ ತೆರೆದಿದ್ದರೆ ಮಾತ್ರ ಗಂಟೆ ಬಾರಿಸಬೇಕು, ಮುಳ್ಳು ಮೇಲೆ ಹೋದರೆ ಪ್ರಸಾದ ಬಿಟ್ಟು ಓಡಬೇಕು ಎಂದು ವಸಂತಿಯಕ್ಕ ಭಟ್ಟರಿಗೂ ಹೇಳಿಕೊಟ್ಟಿದ್ದರು. ಪ್ರೋಗ್ರಾಮಿಗೆ ಆ ಷರತ್ತು ಮರಳಿದೆ, ಅದರ ಬಣ್ಣ ಪುನಃ ಕೆಂಪು. ಇಷ್ಟೆಲ್ಲ ಕವಲಿರುವ ಈಗಿನ ಪೂಜೆಯನ್ನು ಓದಿದರೂ ನನ್ನ ಉಪಕರಣ ಕೆಂಪನ್ನೇ ಕೊಟ್ಟೀತು. ಕೊಡಲಿ. ಮಕ್ಕಳು ಅಂಗಳದಲ್ಲಿ ಕಾಯಿಚೂರು ತಿನ್ನುತ್ತಿದ್ದರು.